ಆ ಕಡೆ ಹೋದರೆ ಮೈನಸ್ ಯಾಕೆ? ಬೀಜಗಣಿತದ ಹಿಂದಿರುವ ಐದು ಗುಣಗಳು

ಬೆಂಗಳೂರಿನ ಯಾವ ಬಡಾವಣೆಯ ಟ್ಯೂಷನ್‌ಗೆ ಹೋದರೂ ಎಂಟನೇ ಕ್ಲಾಸಿನ ಮಕ್ಕಳ ಬಾಯಲ್ಲಿ ಒಂದು ಮಾತು ಕೇಳಿಸುತ್ತದೆ. "ಪ್ಲಸ್ ಆ ಕಡೆ ಹೋದ್ರೆ ಮೈನಸ್, ಗುಣಾಕಾರ ಆ ಕಡೆ ಹೋದ್ರೆ ಭಾಗಾಕಾರ." ಈ ಸೂತ್ರ ಹಿಡಿದು ಲೆಕ್ಕ ಮಾಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಯಾಕೆ ಹಾಗೆ ಅಂತ ಕೇಳಿದರೆ ಮಗು ಸುಮ್ಮನಾಗುತ್ತದೆ.

ಅದೇ ಮಗು ಅದಕ್ಕೂ ಮೊದಲೇ ಪರಿವರ್ತನೀಯ ಗುಣ, ಸಹವರ್ತನೀಯ ಗುಣ, ವಿಭಾಜಕ ಗುಣ ಅಂತ ಬಾಯಿಪಾಠ ಮಾಡಿರುತ್ತದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡು ಮರೆತೂ ಇರುತ್ತದೆ. ಅಲ್ಲಿ ಕಲಿತದ್ದೇ ಇಲ್ಲಿನ "ಯಾಕೆ"ಗೆ ಉತ್ತರ ಅಂತ ಯಾರೂ ಹೇಳಿರುವುದಿಲ್ಲ. ನನಗೆ ಇದು ತುಂಬಾ ಬೇಸರದ ವಿಷಯ. ಶಾಲೆಯ ಬೀಜಗಣಿತದಲ್ಲಿ ಸಮೀಕರಣದ ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವಾಗೆಲ್ಲ ನಮಗೆ ಅನುಮತಿ ಕೊಡುವುದು ಈ ಮೂರು ಮತ್ತು ಇನ್ನೆರಡು, ಒಟ್ಟು ಐದು ಗುಣಗಳೇ. ಅವು ಗೊತ್ತಿದ್ದರೆ ಸೂತ್ರಗಳ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ.

ಮೊದಲು ಒಂದು ಪ್ರಶ್ನೆ: ಈ ಗುಣಗಳು ಬೇಕಾಗುವುದಾದರೂ ಯಾಕೆ? ಅಂಕಗಣಿತದಲ್ಲಿ ಈ ಗುಣಗಳು ಇಲ್ಲದಿದ್ದರೂ ದಿನ ಸಾಗುತ್ತದೆ. 7 + 5 ಎಷ್ಟು ಅಂದರೆ ಕೂಡಿ ಹೇಳಬಹುದು. ಬೀಜಗಣಿತದಲ್ಲಿ ಆ ಅನುಕೂಲ ಇಲ್ಲ. ಸಂಖ್ಯೆ ಯಾವುದು ಅಂತಲೇ ಗೊತ್ತಿಲ್ಲದಿರುವಾಗ ಕೂಡುವುದು ಹೇಗೆ? ಹಾಗಾಗಿ ನಾವು ಮಾಡಬಹುದಾದ ಕೆಲಸ ಒಂದೇ. ಆ ಸಂಖ್ಯೆ ಯಾವುದೇ ಆಗಿರಲಿ, ಖಂಡಿತ ನಿಜವಾಗಿರುವ ಸಂಗತಿಗಳನ್ನಷ್ಟೇ ಬಳಸಿ ಮುಂದೆ ಹೋಗಬೇಕು. ಎಲ್ಲ ಸಂಖ್ಯೆಗಳಿಗೂ ತಪ್ಪದೆ ಅನ್ವಯಿಸುವ ಆ ಸಂಗತಿಗಳೇ ಈ ಗುಣಗಳು.

ಶಾಲೆಯ ಪುಸ್ತಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅಂತ ಬರೆಯುತ್ತಾರೆ. ನಾನು ಇಲ್ಲಿ ಯಾ ಅಂತ ಬರೆಯುತ್ತೇನೆ. ಇದು ನನ್ನ ಹೊಸ ಆವಿಷ್ಕಾರವೇನಲ್ಲ. ನಮ್ಮ ಹಳೆಯ ಗಣಿತಜ್ಞರು ಅಜ್ಞಾತ ಸಂಖ್ಯೆಯನ್ನು "ಯಾವತ್ತಾವತ್" ಎಂದು ಕರೆದು, ಚಿಕ್ಕದಾಗಿ ಯಾ ಎಂದು ಬರೆಯುತ್ತಿದ್ದರು. ಯಾವುದೋ ಒಂದು ಸಂಖ್ಯೆ ಅನ್ನಬೇಕಾದಾಗ ಅ, ಬ, ಕ ಅನ್ನೋಣ.

ಜಾಗ ಬದಲಿಸುವುದು, ಜೋಡಿ ಬದಲಿಸುವುದು

ಬೆಂಗಳೂರಿನಲ್ಲಿ ಸೈಟಿನ ಮಾತು ಬಂದರೆ "ತರ್ಟಿ ಫಾರ್ಟಿ" ಅನ್ನದವರಿಲ್ಲ. ಮೂವತ್ತು ಅಡಿ, ನಲವತ್ತು ಅಡಿ. ರಸ್ತೆ ಕಡೆಗೆ 30 ಅಡಿ ಇದ್ದರೂ 1200 ಚದರಡಿ, 40 ಅಡಿ ಇದ್ದರೂ 1200 ಚದರಡಿ. ಮನೆ ಕಟ್ಟುವವರಿಗೆ ಇವೆರಡರ ನಡುವೆ ತುಂಬಾ ವ್ಯತ್ಯಾಸ ಇರಬಹುದು, ವಿಸ್ತೀರ್ಣಕ್ಕೆ ಇಲ್ಲ. ಅ × ಬ = ಬ × ಅ. ಕೂಡುವುದಕ್ಕೂ ಹೀಗೇ, ಅ + ಬ = ಬ + ಅ. ಇದು ಪರಿವರ್ತನೀಯ ಗುಣ.

ಕಳೆಯುವುದಕ್ಕೆ ಇದು ನಡೆಯುವುದಿಲ್ಲ. 10 − 4 ಅಂದರೆ 6, ಆದರೆ 4 − 10 ಅಂದರೆ −6. ಭಾಗಾಕಾರಕ್ಕೂ ನಡೆಯುವುದಿಲ್ಲ. ಘಾತಕ್ಕೂ ಇಲ್ಲ: 2ರ 3ನೇ ಘಾತ 8, 3ರ 2ನೇ ಘಾತ 9.

ಸಹವರ್ತನೀಯ ಗುಣ ಇದಕ್ಕಿಂತ ಬೇರೆ ಮಾತು ಹೇಳುತ್ತದೆ. ಇಲ್ಲಿ ಯಾವ ಸಂಖ್ಯೆಯೂ ಜಾಗ ಬದಲಿಸುವುದಿಲ್ಲ. ಮೊದಲು ಯಾವ ಎರಡನ್ನು ಜೋಡಿ ಮಾಡುತ್ತೇವೆ ಅನ್ನುವುದಷ್ಟೇ ಬದಲಾಗುತ್ತದೆ. (ಅ + ಬ) + ಕ = ಅ + (ಬ + ಕ). ಗುಣಾಕಾರಕ್ಕೂ ಇದೇ.

ಈ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಕೂಡುವುದರಲ್ಲೂ ಗುಣಿಸುವುದರಲ್ಲೂ ಎರಡೂ ಜೊತೆಗೇ ಇರುತ್ತವಲ್ಲ, ಅದಕ್ಕೆ. ಆದರೆ ಒಂದು ಇದ್ದು ಇನ್ನೊಂದು ಇಲ್ಲದ ಕ್ರಿಯೆಗಳೂ ಇವೆ. ಎರಡು ಸಂಖ್ಯೆಗಳ ಸರಾಸರಿ ತೆಗೆಯುವುದನ್ನೇ ನೋಡಿ. 2 ಮತ್ತು 4ರ ಸರಾಸರಿ 3, 4 ಮತ್ತು 2ರ ಸರಾಸರಿಯೂ 3. ಜಾಗ ಬದಲಿಸಿದರೆ ಏನೂ ಆಗುವುದಿಲ್ಲ. ಈಗ 2, 4, 8 ಮೂರನ್ನೂ ತೆಗೆದುಕೊಳ್ಳಿ. ಮೊದಲು 2 ಮತ್ತು 4ರ ಸರಾಸರಿ 3. ಅದನ್ನು 8ರ ಜೊತೆ ಸೇರಿಸಿ ಸರಾಸರಿ ತೆಗೆದರೆ 5.5. ಮೊದಲು 4 ಮತ್ತು 8 ಹಿಡಿದರೆ 6, ಅದನ್ನು 2ರ ಜೊತೆ ಸೇರಿಸಿದರೆ 4. ಜೋಡಿ ಬದಲಾದ ಕೂಡಲೇ ಉತ್ತರವೂ ಬದಲಾಯಿತು. ಮೂರರ ನಿಜವಾದ ಸರಾಸರಿ ಇವೆರಡೂ ಅಲ್ಲ, 14 ÷ 3, ಅಂದರೆ ನಾಲ್ಕೂವರೆಗಿಂತ ಸ್ವಲ್ಪ ಹೆಚ್ಚು. ಎರಡು ಸೆಕ್ಷನ್‌ಗಳ ಸರಾಸರಿ ಅಂಕಗಳಿಗೆ ಮತ್ತೆ ಸರಾಸರಿ ತೆಗೆದು "ಇಡೀ ಶಾಲೆಯ ಸರಾಸರಿ" ಅನ್ನುವವರು ಎಡವುವುದು ಇಂಥ ಕಡೆಯಲ್ಲೇ. ಎರಡೂ ಸೆಕ್ಷನ್‌ನಲ್ಲಿ ಅಷ್ಟಷ್ಟೇ ಮಕ್ಕಳಿದ್ದರೆ ಸರಿ, ಇಲ್ಲದಿದ್ದರೆ ಆ ಲೆಕ್ಕ ತಪ್ಪುವ ಸಾಧ್ಯತೆಯೇ ಹೆಚ್ಚು.

ಕಳೆಯುವುದಕ್ಕೆ ಸಹವರ್ತನೀಯ ಗುಣವೂ ಇಲ್ಲ. (10 − 5) − 2 ಅಂದರೆ 3. 10 − (5 − 2) ಅಂದರೆ 7. ಆವರಣದ ಹಿಂದೆ ಮೈನಸ್ ಇದ್ದಾಗ ಮಕ್ಕಳು ತಪ್ಪುವುದಕ್ಕೆ ಇದೇ ಮೂಲ. ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಕಳೆಯುವುದನ್ನು ಋಣ ಸಂಖ್ಯೆ ಕೂಡುವುದು ಅಂತ ಓದಿಕೊಳ್ಳಿ. ಆಗ 83 − 46 + 17 ಅನ್ನುವುದು 83 + (−46) + 17 ಆಗುತ್ತದೆ. ಈಗ ಎಲ್ಲವೂ ಕೂಡುವುದೇ. ಬೇಕಾದ ಹಾಗೆ ಜಾಗ ಬದಲಿಸಬಹುದು. 83 ಮತ್ತು 17 ಸೇರಿ 100, ಅದಕ್ಕೆ −46 ಕೂಡಿದರೆ 54. ಮೈನಸ್ ಚಿಹ್ನೆ ತನ್ನ ಮುಂದಿರುವ ಸಂಖ್ಯೆಯ ಸ್ವತ್ತು, ಆ ಸಂಖ್ಯೆ ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತದೆ. ಇದಿಷ್ಟು ಮನಸ್ಸಿನಲ್ಲಿ ಕೂತರೆ ಎಷ್ಟೋ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

ಹೂವಿನ ಲೆಕ್ಕ ಮತ್ತು ಭಾಸ್ಕರಾಚಾರ್ಯರ ಲೆಕ್ಕ

ವಿಭಾಜಕ ಗುಣದ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಐದು ಗುಣಗಳಲ್ಲಿ ಕೂಡುವುದಕ್ಕೂ ಗುಣಿಸುವುದಕ್ಕೂ ಸಂಬಂಧ ಕಟ್ಟುವುದು ಇದೊಂದೇ. ಬೀಜಗಣಿತದ ಶಕ್ತಿಯ ಬಹುಪಾಲು ಇದರಲ್ಲೇ ಇದೆ ಅಂತ ನನ್ನ ನಂಬಿಕೆ.

ಅ × (ಬ + ಕ) = ಅ × ಬ + ಅ × ಕ.

ಗಾಂಧಿ ಬಜಾರಿನಲ್ಲಿ ಹೂವು ಕಟ್ಟುವ ಅಮ್ಮನ ಹತ್ತಿರ ಮೊಳಕ್ಕೆ 35 ರೂಪಾಯಿಯ ಮಲ್ಲಿಗೆ 12 ಮೊಳ ಕೇಳಿ ನೋಡಿ. "ಹತ್ತು ಮೊಳಕ್ಕೆ ಮುನ್ನೂರೈವತ್ತು, ಎರಡಕ್ಕೆ ಎಪ್ಪತ್ತು, ನಾನೂರ ಇಪ್ಪತ್ತು ಕೊಡಿ" ಅನ್ನುತ್ತಾರೆ. 35 × (10 + 2) = 350 + 70. ಇದಕ್ಕೆ ವಿಭಾಜಕ ಗುಣ ಅಂತ ಹೆಸರಿದೆ ಎಂದು ಗೊತ್ತಿಲ್ಲದೆಯೂ ದಿನವಿಡೀ ಅದನ್ನೇ ಬಳಸುತ್ತಾರೆ.

ಎರಡನೇ ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಗುಣಾಕಾರಕ್ಕೆ ಕೊಟ್ಟ ಉದಾಹರಣೆ 135 × 12. ಅಲ್ಲಿ ಅವರು ಒಂದೇ ಲೆಕ್ಕವನ್ನು ಹಲವು ದಾರಿಗಳಲ್ಲಿ ಮಾಡಿ ತೋರಿಸುತ್ತಾರೆ. 12 ಅನ್ನು 8 ಮತ್ತು 4 ಎಂದು ಒಡೆದರೆ 1080 + 540, ಒಟ್ಟು 1620. 12ಕ್ಕೆ 8 ಸೇರಿಸಿ 20 ಮಾಡಿಕೊಂಡು 2700 ಪಡೆದು, ಜಾಸ್ತಿ ಬಂದ 1080 ಅನ್ನು ಕಳೆದರೂ 1620. ಇವೆರಡೂ ವಿಭಾಜಕ ಗುಣ. ಇನ್ನೊಂದು ದಾರಿಯಲ್ಲಿ 12 ಅನ್ನು 4 × 3 ಎಂದು ನೋಡುತ್ತಾರೆ. 135 × 4 = 540, ಅದನ್ನು 3ರಿಂದ ಗುಣಿಸಿದರೆ ಮತ್ತೆ 1620. ಇದು ಗುಣಾಕಾರದ ಸಹವರ್ತನೀಯ ಗುಣ. ಒಂದೇ ಲೆಕ್ಕದಲ್ಲಿ ಎರಡು ಗುಣಗಳು ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಸಿಗುವುದು ಅಪರೂಪ. ಏಳನೇ ಕ್ಲಾಸಿನ ಪಾಠವನ್ನು ಇದರಿಂದಲೇ ಶುರು ಮಾಡಬಹುದಲ್ವಾ ಅನ್ನಿಸುತ್ತದೆ.

ಬೀಜಗಣಿತದಲ್ಲಿ ಅತಿ ಹೆಚ್ಚು ಕಾಣುವ ತಪ್ಪುಗಳೂ ಇದೇ ಗುಣದ ಸುತ್ತ ಇವೆ. 2(ಯಾ + 3) ಅನ್ನು 2ಯಾ + 3 ಎಂದು ಬರೆಯುವುದು ಒಂದು. 2 ಒಳಗೆ ಹೋಗುವಾಗ ಇಬ್ಬರಿಗೂ ಸಿಗಬೇಕು, ಅದು 2ಯಾ + 6. ಇದಕ್ಕಿಂತ ಹಠಮಾರಿ ತಪ್ಪು ಇನ್ನೊಂದು. (ಅ + ಬ)ಯ ವರ್ಗ ಅಂದರೆ ಅ ವರ್ಗ ಮತ್ತು ಬ ವರ್ಗ ಅಷ್ಟೇ ಅಂತ ಬರೆಯುವುದು. ಎಷ್ಟು ಸಲ ಕೆಂಪು ಶಾಯಿಯಲ್ಲಿ ತಿದ್ದಿದರೂ ಮತ್ತೆ ಬರುತ್ತದೆ.

ಇದಕ್ಕೆ ಮತ್ತೆ ಸೈಟಿಗೇ ಹೋಗೋಣ. 40 × 40 ಅಡಿಯ ಚೌಕ ಜಾಗ ಇದೆ ಅಂದುಕೊಳ್ಳಿ. ವಿಸ್ತೀರ್ಣ 1600 ಚದರಡಿ. ಎರಡೂ ಬದಿಯನ್ನು 30 + 10 ಎಂದು ಒಡೆದು ಗೆರೆ ಎಳೆಯಿರಿ. ಜಾಗ ನಾಲ್ಕು ತುಂಡಾಗುತ್ತದೆ. ಒಂದು 30 × 30 ಚೌಕ, ಅದು 900. ಮೂಲೆಯಲ್ಲಿ ಒಂದು 10 × 10 ಚೌಕ, ಅದು 100. ಉಳಿದದ್ದು 30 × 10ರ ಎರಡು ಪಟ್ಟಿಗಳು, ತಲಾ 300. 900 + 300 + 300 + 100 = 1600. ವರ್ಗಗಳನ್ನು ಮಾತ್ರ ಕೂಡಿದ ಮಗು 1000ಕ್ಕೆ ನಿಲ್ಲಿಸಿದೆ. ಅಂದರೆ 600 ಚದರಡಿ ಬಿಟ್ಟುಬಿಟ್ಟಿದೆ. ಬೆಂಗಳೂರಿನಲ್ಲಿ 600 ಚದರಡಿ ಅಂದರೆ ಒಂದು ಇಡೀ 20 × 30 ಸೈಟು! ಆ ಎರಡು ಪಟ್ಟಿಗಳೇ ಸೂತ್ರದಲ್ಲಿ ಬರುವ 2ಅಬ. ಗುಣದ ಭಾಷೆಯಲ್ಲಿ ಹೇಳುವುದಾದರೆ ವಿಭಾಜಕ ಗುಣವನ್ನು ಎರಡು ಹಂತಗಳಲ್ಲಿ ಬಳಸಿದ್ದೇವೆ, ಜೊತೆಗೆ ಪರಿವರ್ತನೀಯ ಗುಣವನ್ನೂ. ಅಬ ಮತ್ತು ಬಅ ಎರಡೂ ಒಂದೇ ಆದ್ದರಿಂದಲೇ ಅವನ್ನು ಸೇರಿಸಿ 2ಅಬ ಅಂತ ಬರೆಯಲು ಸಾಧ್ಯ.

ಸೊನ್ನೆ, ಒಂದು, ಮತ್ತು ಮೈನಸ್ ಇಂಟು ಮೈನಸ್

ಉಳಿದ ಎರಡು ಗುಣಗಳು ಚಿಕ್ಕವು. ಯಾವ ಸಂಖ್ಯೆಗೂ 0 ಕೂಡಿದರೆ ಅದು ಬದಲಾಗುವುದಿಲ್ಲ, 1ರಿಂದ ಗುಣಿಸಿದರೂ ಬದಲಾಗುವುದಿಲ್ಲ. ಇವು ಅನನ್ಯತಾಂಶಗಳು. ಇನ್ನು ವಿಲೋಮ. 5ಕ್ಕೆ −5 ಕೂಡಿದರೆ 0, ಹಾಗಾಗಿ −5 ಅದರ ಸಂಕಲನದ ವಿಲೋಮ. 5 ಅನ್ನು 1/5ರಿಂದ ಗುಣಿಸಿದರೆ 1, ಹಾಗಾಗಿ 1/5 ಅದರ ಗುಣಾಕಾರದ ವಿಲೋಮ.

ಇಷ್ಟನ್ನೇ ಇಟ್ಟುಕೊಂಡು, ಹಲವರಿಗೆ ಜೀವನಪೂರ್ತಿ ಕಾಡುವ ಒಂದು ಪ್ರಶ್ನೆಗೆ ಉತ್ತರ ಹುಡುಕಬಹುದು. ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ?

ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತರು ಧನ, ಋಣ ಮತ್ತು ಸೊನ್ನೆಗಳ ನಿಯಮಗಳನ್ನು ಬರೆದಿಟ್ಟರು. ಋಣವನ್ನು ಋಣದಿಂದ ಗುಣಿಸಿದರೆ ಧನ ಅಂತ ಅವರು ಹೇಳಿದ್ದಾರೆ. ನಿಯಮವನ್ನು ಒಪ್ಪಿಕೊಳ್ಳುವುದು ಸುಲಭ, ಯಾಕೆ ಅಂತ ತಿಳಿಯುವುದು ಬೇರೆ. ಸಾಲದ ಉದಾಹರಣೆ ಕೊಡುವವರಿದ್ದಾರೆ. ಆದರೆ ಸಾಲವನ್ನು ಸಾಲದಿಂದ ಗುಣಿಸುವುದು ಅಂದರೆ ಏನು ಅಂತ ಮಗು ಕೇಳಿದರೆ ಅಲ್ಲಿಗೆ ಕಥೆ ಮುಗಿಯಿತು. ಗುಣಗಳಿಂದಲೇ ಹೋಗುವ ದಾರಿ ಹೆಚ್ಚು ಪ್ರಾಮಾಣಿಕ ಅನ್ನುವುದು ನನ್ನ ಅಭಿಪ್ರಾಯ.

ಮೊದಲ ಹೆಜ್ಜೆ: ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ ಯಾಕೆ? 0 ಅಂದರೆ 0 + 0. ಹಾಗಾಗಿ ಅ × 0 ಅನ್ನು ಅ × (0 + 0) ಎಂದು ಬರೆಯಬಹುದು. ವಿಭಾಜಕ ಗುಣದಿಂದ ಅದು ಅ × 0 + ಅ × 0. ಎರಡೂ ಬದಿಯಿಂದ ಒಂದೊಂದು ಅ × 0 ತೆಗೆದುಹಾಕಿ. ಎಡಕ್ಕೆ 0 ಉಳಿಯಿತು, ಬಲಕ್ಕೆ ಅ × 0 ಉಳಿಯಿತು. ಅಂದರೆ ಅ × 0 = 0.

ಎರಡನೇ ಹೆಜ್ಜೆ: (−3) × 2 ಎಷ್ಟು? −3 ಅನ್ನು ಎರಡು ಸಲ ಕೂಡಿದರೆ −6. ಇದರಲ್ಲಿ ತಕರಾರಿಲ್ಲ.

ಮೂರನೇ ಹೆಜ್ಜೆ: (−3) × (2 + (−2)) ಎಷ್ಟು? ಆವರಣದ ಒಳಗಿರುವುದು 0, ಹಾಗಾಗಿ ಉತ್ತರ 0. ಅದನ್ನೇ ವಿಭಾಜಕ ಗುಣದಿಂದ ಬಿಡಿಸಿದರೆ (−3) × 2 + (−3) × (−2). ಮೊದಲ ಭಾಗ −6 ಅಂತ ಗೊತ್ತು. −6ಕ್ಕೆ ಏನನ್ನು ಕೂಡಿದರೆ 0 ಬರುತ್ತದೆ? 6. ಹಾಗಾಗಿ (−3) × (−2) = 6 ಆಗಲೇಬೇಕು.

ಇಲ್ಲಿ ಯಾರದ್ದೂ ಅಪ್ಪಣೆ ಇಲ್ಲ, ನಮ್ಮ ಆಯ್ಕೆಯೂ ಇಲ್ಲ. ಹೂವಿನ ಅಂಗಡಿಯಲ್ಲಿ ಕೆಲಸ ಮಾಡಿದ ಗುಣವೇ ಋಣ ಸಂಖ್ಯೆಗಳಲ್ಲೂ ಕೆಲಸ ಮಾಡಬೇಕು ಅಂತ ನಾವು ಬಯಸಿದರೆ, ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ನನಗೆ ಗಣಿತದಲ್ಲಿ ತುಂಬಾ ಇಷ್ಟವಾದ ವಾದಗಳಲ್ಲಿ ಇದೂ ಒಂದು.

ಸೊನ್ನೆಯಿಂದ ಭಾಗಿಸಬಾರದು ಅನ್ನುವುದೂ ಇದರಿಂದಲೇ ಹುಟ್ಟುತ್ತದೆ. ಭಾಗಿಸುವುದು ಅಂದರೆ ವಿಲೋಮದಿಂದ ಗುಣಿಸುವುದು. ಸೊನ್ನೆಗೆ ವಿಲೋಮ ಇರಬೇಕಾದರೆ, ಸೊನ್ನೆಯಿಂದ ಗುಣಿಸಿದಾಗ 1 ಕೊಡುವ ಒಂದು ಸಂಖ್ಯೆ ಬೇಕು. ಸೊನ್ನೆಯಿಂದ ಏನನ್ನು ಗುಣಿಸಿದರೂ 0 ಅಂತ ಈಗ ತಾನೇ ನೋಡಿದೆವು. ಅಂಥ ಸಂಖ್ಯೆ ಇಲ್ಲ. ಇದು ಇಷ್ಟು ಸುಲಭವಾಗಿ ಕಾಣುತ್ತಿರುವುದು ನಾವು ಈ ಕಾಲದಲ್ಲಿ ಇರುವುದರಿಂದ. ಬ್ರಹ್ಮಗುಪ್ತರು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದರು. ನಮ್ಮದೇ ನೆಲದಲ್ಲಿ, 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಹಾಗೇ ಉಳಿಯುತ್ತದೆ ಎಂದರು. ಭಾಸ್ಕರಾಚಾರ್ಯರು ಅದಕ್ಕೆ ಖಹರ ಎಂದು ಹೆಸರಿಟ್ಟು ಅನಂತ ಎಂದು ನೋಡಿದರು. ಶತಮಾನಗಳ ಕಾಲ ದೊಡ್ಡ ದೊಡ್ಡ ಬುದ್ಧಿಗಳು ಈ ಪ್ರಶ್ನೆಯ ಜೊತೆ ಗುದ್ದಾಡಿವೆ. ಮಗುವೊಂದು "ಸೊನ್ನೆಯಿಂದ ಭಾಗಿಸಿದ್ರೆ ಏನಾಗುತ್ತೆ" ಅಂತ ಕೇಳಿದರೆ ಗದರಬೇಡಿ, ಅದು ನಿಜಕ್ಕೂ ದೊಡ್ಡ ಪ್ರಶ್ನೆ.

ಪಕ್ಷಾಂತರದ ಒಳಗೆ

ಸಂಖ್ಯೆಯನ್ನು ಸಮೀಕರಣದ ಆ ಕಡೆಗೆ ಕಳುಹಿಸುವುದಕ್ಕೆ ಪಕ್ಷಾಂತರ ಅನ್ನುತ್ತಾರೆ. ಈಗ 3(ಯಾ + 4) = 27 ಅನ್ನು ಬಿಡಿಸೋಣ. ಅವಸರ ಬೇಡ, ಒಂದೊಂದು ಹೆಜ್ಜೆಗೂ ಅನುಮತಿ ಎಲ್ಲಿಂದ ಬಂತು ಅಂತ ನೋಡುತ್ತಾ ಹೋಗೋಣ.

ವಿಭಾಜಕ ಗುಣದಿಂದ 3ಯಾ + 12 = 27. ಈಗ ಆ 12 ಹೋಗಬೇಕು. ಅದರ ವಿಲೋಮ −12. ಎರಡೂ ಬದಿಗೆ −12 ಕೂಡುತ್ತೇವೆ. ಸಮವಾಗಿರುವ ಎರಡಕ್ಕೆ ಒಂದೇ ಸಂಖ್ಯೆ ಕೂಡಿದರೆ ಸಮವಾಗಿಯೇ ಇರುತ್ತವೆ. ಎಡಬದಿ (3ಯಾ + 12) + (−12) ಆಯಿತು. ಸಹವರ್ತನೀಯ ಗುಣ ಜೋಡಿ ಬದಲಿಸಲು ಬಿಡುತ್ತದೆ: 3ಯಾ + (12 + (−12)). ಅಂದರೆ 3ಯಾ + 0. ಅನನ್ಯತಾಂಶದಿಂದ ಅದು ಬರೀ 3ಯಾ. ಬಲಬದಿ 27 + (−12), ಅಂದರೆ 15.

ಪ್ಲಸ್ 12 ಯಾವ ಕಡೆಗೂ ಹೋಗಲಿಲ್ಲ. ಎಡಬದಿಯಲ್ಲಿ ತನ್ನ ವಿಲೋಮದ ಜೊತೆ ಸೇರಿ ಸೊನ್ನೆಯಾಯಿತು. ಅದೇ ವಿಲೋಮ ಬಲಬದಿಗೂ ಸೇರಿದ್ದರಿಂದ ಅಲ್ಲಿ ಮೈನಸ್ 12 ಕಾಣಿಸಿತು. ನಡುವಿನ ಸಾಲುಗಳನ್ನು ಬರೆಯದೆ ಬಿಟ್ಟಾಗ, 12 ಈ ಕಡೆಯಿಂದ ಆ ಕಡೆಗೆ ಹಾರಿ ಚಿಹ್ನೆ ಬದಲಿಸಿಕೊಂಡ ಹಾಗೆ ಕಾಣುತ್ತದೆ.

ಮುಂದಿನದೂ ಹೀಗೇ. 3ಯಾ = 15. ಎರಡೂ ಬದಿಯನ್ನು 1/3ರಿಂದ ಗುಣಿಸಿದರೆ ಎಡಕ್ಕೆ (1/3 × 3) × ಯಾ, ಅಂದರೆ 1 × ಯಾ, ಅಂದರೆ ಯಾ. ಬಲಕ್ಕೆ 5. ಉತ್ತರ 5. ಹಾಕಿ ನೋಡಿ: 3 × 9 = 27.

ಪಕ್ಷಾಂತರ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಅದು ಒಳ್ಳೆಯ ಅಡ್ಡದಾರಿ, ಪರೀಕ್ಷೆಯಲ್ಲಿ ಸಮಯ ಉಳಿಸುತ್ತದೆ. ಆದರೆ ದೊಡ್ಡ ದಾರಿಯಲ್ಲಿ ಒಮ್ಮೆ ನಡೆದಿರಬೇಕು. ಇಲ್ಲದಿದ್ದರೆ 3ಯಾ = 15 ಬಂದಾಗ "3 ಆ ಕಡೆ ಹೋದ್ರೆ ಮೈನಸ್ 3" ಅಂತ ಬರೆದು ಯಾ = 12 ಅನ್ನುವ ಮಕ್ಕಳು ಇದ್ದೇ ಇರುತ್ತಾರೆ. 3ಯಾದಲ್ಲಿ 3 ಗುಣಿಸಿಕೊಂಡು ಕೂತಿದೆ. ಅದಕ್ಕೆ ಬೇಕಾದದ್ದು ಗುಣಾಕಾರದ ವಿಲೋಮ, ಸಂಕಲನದ್ದಲ್ಲ.

ಕೂಪನ್ ಮೊದಲೋ ತೆರಿಗೆ ಮೊದಲೋ

ಹೋಟೆಲಿನಲ್ಲಿ 400 ರೂಪಾಯಿ ಬಿಲ್ಲು. ನಿಮ್ಮ ಹತ್ತಿರ ಶೇ 10ರ ರಿಯಾಯಿತಿ ಕೂಪನ್ ಇದೆ, ಮೇಲೆ ಶೇ 5 ಜಿಎಸ್‌ಟಿ. ಮೊದಲು ರಿಯಾಯಿತಿ ಹಿಡಿದರೆ ನಮಗೆ ಲಾಭವೋ, ಮೊದಲು ತೆರಿಗೆ ಹಾಕಿದರೆ ಲಾಭವೋ? ಎರಡೂ ಒಂದೇ. 400 × 0.9 × 1.05 ಅಂದರೂ 378, 400 × 1.05 × 0.9 ಅಂದರೂ 378. ಎರಡೂ ಗುಣಾಕಾರ, ಹಾಗಾಗಿ ಕ್ರಮ ಬದಲಿಸಬಹುದು.

ಕೂಪನ್ ಶೇಕಡಾ ಲೆಕ್ಕದಲ್ಲಿ ಇರದೆ ನೇರ 50 ರೂಪಾಯಿ ರಿಯಾಯಿತಿ ಆಗಿದ್ದರೆ? ಮೊದಲು 50 ಕಳೆದು ಆಮೇಲೆ ತೆರಿಗೆ ಹಾಕಿದರೆ 350 × 1.05, ಅಂದರೆ 367 ರೂಪಾಯಿ 50 ಪೈಸೆ. ಮೊದಲು ತೆರಿಗೆ ಹಾಕಿ ಆಮೇಲೆ 50 ಕಳೆದರೆ 370. ಈಗ ಕ್ರಮಕ್ಕೆ ಬೆಲೆ ಬಂತು. ಒಂದು ಕಳೆಯುವುದು, ಇನ್ನೊಂದು ಗುಣಿಸುವುದು. ಇವೆರಡರ ಜಾಗ ಬದಲಿಸಲು ಯಾವ ಗುಣವೂ ಅನುಮತಿ ಕೊಟ್ಟಿಲ್ಲ. ಎರಡೂವರೆ ರೂಪಾಯಿಯ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದನ್ನೂ ವಿಭಾಜಕ ಗುಣವೇ ಹೇಳುತ್ತದೆ. 1.05 × (400 − 50) ಅನ್ನು ಬಿಡಿಸಿದರೆ 420 − 52.50. ಮೊದಲೇ ಕಳೆದಾಗ ಆ 50ರ ಮೇಲಿನ ತೆರಿಗೆಯೂ ಉಳಿಯುತ್ತದೆ.

ಈ ಊರಿನಲ್ಲಿ ಸಾಫ್ಟ್‌ವೇರ್ ಬರೆಯುವವರು ಬಹಳ ಇದ್ದಾರೆ, ಅವರಿಗಾಗಿ ಒಂದು ಮಾತು. ಕಂಪ್ಯೂಟರ್ ದಶಮಾಂಶಗಳನ್ನು ಕೂಡುವಾಗ ಸಹವರ್ತನೀಯ ಗುಣವನ್ನು ಪೂರ್ತಿ ಪಾಲಿಸುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ (0.1 + 0.2) + 0.3 ಕೊಟ್ಟರೆ 0.6000000000000001 ಬರುತ್ತದೆ. 0.1 + (0.2 + 0.3) ಕೊಟ್ಟರೆ 0.6. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಆಧಾರದಲ್ಲಿ, ಇಷ್ಟೇ ಜಾಗ ಅಂತ ಮಿತಿಯೊಳಗೆ ಇಡುತ್ತದೆ. 0.1 ಅದರಲ್ಲಿ ನಿಖರವಾಗಿ ಕೂರುವುದಿಲ್ಲ. ಕೂಡಿದಾಗ ಎಷ್ಟೋ ಸಲ ಕೊನೆಯಲ್ಲಿ ಚೂರು ಕತ್ತರಿಸಬೇಕಾಗುತ್ತದೆ, ಆ ಚೂರು ಎಷ್ಟು ಅನ್ನುವುದು ಜೋಡಿಯ ಮೇಲೆ ನಿಂತಿದೆ. ಹಣದ ಲೆಕ್ಕವನ್ನು ದಶಮಾಂಶದಲ್ಲಿ ಇಡದೆ ಪೈಸೆಗಳಲ್ಲಿ, ಪೂರ್ಣ ಸಂಖ್ಯೆಯಾಗಿ ಇಡುವ ಅಭ್ಯಾಸಕ್ಕೆ ಇದೂ ಒಂದು ಕಾರಣ.

ಇಷ್ಟು ಹಳೆಯ ಗುಣಗಳಿಗೆ ಯುರೋಪಿನಲ್ಲಿ ಹೆಸರು ಬಂದದ್ದು ಮಾತ್ರ ತೀರಾ ಈಚೆಗೆ. ಪರಿವರ್ತನೀಯ, ವಿಭಾಜಕ ಅನ್ನುವ ಅರ್ಥದ ಹೆಸರುಗಳನ್ನು ಫ್ರಾನ್ಸಿನ ಗಣಿತಜ್ಞ ಸರ್ವ್ವಾ 1814ರಲ್ಲಿ ಬಳಸಿದರು. ಎಲ್ಲ ಕಡೆಯೂ ತಪ್ಪದೆ ನಡೆಯುವ ಸಂಗತಿಗೆ ಹೆಸರು ಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಅದು ನಡೆಯದ ಜಾಗ ಸಿಕ್ಕಾಗ ಹೆಸರಿನ ಅಗತ್ಯ ಚೆನ್ನಾಗಿ ಗೊತ್ತಾಗುತ್ತದೆ. 1843ರ ಅಕ್ಟೋಬರ್ 16ರಂದು ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್‌ಗೆ ಅಂಥದ್ದೊಂದು ಜಾಗ ಸಿಕ್ಕಿತು. ಡಬ್ಲಿನ್‌ನಲ್ಲಿ ಹೆಂಡತಿಯ ಜೊತೆ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ ಹೊಳೆದ ಕ್ವಾಟರ್ನಿಯನ್ ಎಂಬ ಹೊಸ ಸಂಖ್ಯೆಗಳಲ್ಲಿ ಅ × ಬ ಮತ್ತು ಬ × ಅ ಬೇರೆ ಬೇರೆ ಆಗಬಹುದು. ಉಳಿದ ಗುಣಗಳೆಲ್ಲ ಹಾಗೇ ಇರುತ್ತವೆ.

ಇಂಥ ಸಂಖ್ಯೆ ಯಾಕೆ ಬೇಕು ಅನ್ನಿಸಿದರೆ ನಿಮ್ಮ ಫೋನನ್ನು ಸ್ಕ್ರೀನ್ ಮೇಲೆ ಬರುವಂತೆ ಮೇಜಿನ ಮೇಲೆ ನೇರವಾಗಿ ಮಲಗಿಸಿ. ಮೊದಲು ಅದನ್ನು ಸ್ಕ್ರೀನ್ ನಿಮಗೆ ಕಾಣುವಂತೆ ಎತ್ತಿ ನಿಲ್ಲಿಸಿ, ಆಮೇಲೆ ನಿಂತ ಜಾಗದಲ್ಲೇ ಬಲಕ್ಕೆ ಕಾಲು ಸುತ್ತು ತಿರುಗಿಸಿ. ಫೋನ್ ನೇರವಾಗಿ ನಿಂತು ಪಕ್ಕಕ್ಕೆ ಮುಖ ಮಾಡಿರುತ್ತದೆ. ಈಗ ಕ್ರಮ ಬದಲಿಸಿ. ಮಲಗಿರುವಾಗಲೇ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಆಮೇಲೆ ಎತ್ತಿ ನಿಲ್ಲಿಸಿ. ಈ ಸಲ ಸ್ಕ್ರೀನ್ ನಿಮ್ಮ ಕಡೆಗೇ ಇದೆ, ಫೋನ್ ಅಡ್ಡವಾಗಿ ನಿಂತಿದೆ. ಮಾಡಿದ ಕೆಲಸ ಅವೇ ಎರಡು, ಮುಟ್ಟಿದ ಜಾಗ ಬೇರೆ. ಬಾಹ್ಯಾಕಾಶದಲ್ಲಿರುವ ಉಪಗ್ರಹ ಯಾವ ಕಡೆಗೆ ಮುಖ ಮಾಡಿದೆ ಅನ್ನುವುದನ್ನು ಲೆಕ್ಕ ಹಾಕುವಾಗ ಇದೇ ತೊಡಕು ಎದುರಾಗುತ್ತದೆ. ಅಲ್ಲಿ ಎಂಜಿನಿಯರುಗಳು ಬಳಸುವುದು, ಪರಿವರ್ತನೀಯ ಗುಣವನ್ನು ಬಿಟ್ಟುಕೊಟ್ಟ ಹ್ಯಾಮಿಲ್ಟನ್ ಅವರ ಈ ಸಂಖ್ಯೆಗಳನ್ನೇ.